ಅಕ್ಷರದ ಬಿಲ್ಲೆಗಳ ಆಟ



ಮಳೆ ಹಿಡಿದ ಸಂಜೆ ಮನೆಯೊಳಗೇ ಕುಳಿತು ಹೊತ್ತು ಕಳೆಯುವುದಕ್ಕೆ ನಮ್ಮ ಹಿರಿಯರು ಒಳ್ಳೊಳ್ಳೆಯ ಆಟಗಳನ್ನು ಬಿಟ್ಟುಹೋಗಿದ್ದಾರೆ. ಪಗಡೆ ಇದೆ, ಚೌಕಾಬಾರ ಇದೆ, ಅಳಗುಳಿಮನೆ ಇದೆ. ಕವಡೆಯೋ ಹುಣಿಸೆಬೀಜವೋ ಇದ್ದರೆ ಸಾಕು, ಆಟ ನಡೆಯುತ್ತದೆ. ಅಕ್ಷರಗಳನ್ನೇ ಕಾಯಿಗಳನ್ನಾಗಿ ಮಾಡಿಕೊಂಡು ಆಡುವ ಆಟ ಮಾತ್ರ ಈ ಸಾಲಿಗೆ ತಡವಾಗಿ ಬಂದು ಸೇರಿದ್ದು. ಇಂಗ್ಲಿಷಿನ 'ಸ್ಕ್ರಾಬಲ್' ಎಂಬ ಈ ಆಟ ಈಗ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿದೆ. ಅದನ್ನು ಚೆನ್ನಾಗಿ ಆಡುವುದು ಹೇಗೆ, ಆಡುತ್ತಾಡುತ್ತಾ ನಮ್ಮ ಪದಸಂಪತ್ತನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದು ಸೋಲಿನಿಂದ. ಇಂಗ್ಲಿಷ್ ಪುಸ್ತಕಗಳ ನಡುವೆಯೇ ಬಹುಕಾಲ ಕಳೆದವನು ನಾನು. ನನ್ನ ತಮ್ಮನ ಮಗಳಿಗೆ ಆಗ ಹನ್ನೆರಡು ವರ್ಷ. ಒಂದು ಭಾನುವಾರ ನಾವಿಬ್ಬರೂ ಆಡಲು ಕುಳಿತೆವು. ನಾನು ಘನವಾದ ಪದಗಳನ್ನು ಹುಡುಕುತ್ತ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಾಗ, ಅವಳು ಮಣೆಯ ಒಂದು ಮೂಲೆಯಲ್ಲಿ ಎರಡೇ ಎರಡು ಬಿಲ್ಲೆ ಇಟ್ಟು, "ಅರುವತ್ತೆರಡು ಬರಕೋ ದೊಡ್ಡಪ್ಪ" ಎಂದಳು. ನೋಡಿದರೆ ಕ್ಯೂ, ಐ. "ಇದೂ ಒಂದು ಇಂಗ್ಲಿಷ್ ಪದವೇನಮ್ಮ?" ಎಂದೆ. "ಚೀನದವರು ಪ್ರಾಣಶಕ್ತಿಗೆ ಹಾಗೆ ಅಂತಾರಂತೆ. ಪುಸ್ತಕದಲ್ಲಿದೆ, ನೋಡು" ಎಂದಳು. ಪುಸ್ತಕದಲ್ಲಿ ಇತ್ತು. ಆ ಆಟವನ್ನು ನಾನು ನೂರಕ್ಕೂ ಹೆಚ್ಚು ಅಂಕಗಳಿಂದ ಸೋತೆ. ನಿಜ ಹೇಳಬೇಕೆಂದರೆ, ಸೋತದ್ದಕ್ಕಿಂತ ಹೆಚ್ಚಾಗಿ, ನನಗೆ ಗೊತ್ತಿದ್ದ ಸಾವಿರಾರು ಪದಗಳು ಆ ಸಂಜೆ ಯಾವ ಉಪಯೋಗಕ್ಕೂ ಬಾರದೆ ಹೋದುವಲ್ಲ ಎಂಬುದು ಮನಸ್ಸನ್ನು ಚುಚ್ಚಿತು. ಹಾಗಾದರೆ ಪದವನ್ನು 'ಬಲ್ಲೆ' ಎನ್ನುವುದರ ಅರ್ಥವೇನು? ಈ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆಟದ ಹುಟ್ಟನ್ನು ಸ್ವಲ್ಪ ನೋಡೋಣ. ಆಟ ಹುಟ್ಟಿದ ಬಗೆಯಲ್ಲೇ ಅದನ್ನು ಆಡಬೇಕಾದ ಬಗೆಯೂ ಅಡಗಿದೆ.

೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರಷ್ಟೆ. ಅವರಲ್ಲಿ ಆಲ್‌ಫ್ರೆಡ್ ಮೋಷರ್ ಬಟ್ಸ್ ಎಂಬ ವಾಸ್ತುಶಿಲ್ಪಿಯೂ ಒಬ್ಬ. ಕಟ್ಟಡ ಕಟ್ಟಿಸುವವರಿಲ್ಲದೆ ಸುಮ್ಮನೆ ಕುಳಿತಿದ್ದ ಈತ ಆಟಗಳನ್ನು ಕುರಿತು ಯೋಚಿಸತೊಡಗಿದ. ಅದೃಷ್ಟವೂ ಬೇಕು, ಜಾಣತನವೂ ಬೇಕು, ಎರಡರಲ್ಲಿ ಯಾವುದೊಂದೇ ಗೆಲ್ಲಿಸಬಾರದು. ಅಂಥ ಒಂದು ಆಟ ಅವನಿಗೆ ಬೇಕಾಗಿತ್ತು. ಅಕ್ಷರಗಳನ್ನು ಎಷ್ಟೆಷ್ಟು ಇಡಬೇಕೆಂದು ತಿಳಿಯಲು ಅವನು 'ನ್ಯೂಯಾರ್ಕ್ ಟೈಮ್ಸ್' ಮೊದಲಾದ ಪತ್ರಿಕೆಗಳನ್ನು ಹರಡಿಕೊಂಡು ಕುಳಿತು, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಒಂದೊಂದಾಗಿ ಎಣಿಸಿದ. ಹೆಚ್ಚಾಗಿ ಬರುವ ಅಕ್ಷರಕ್ಕೆ ಬಿಲ್ಲೆ ಹೆಚ್ಚು, ಅಂಕ ಕಡಿಮೆ. ಅಪರೂಪದ ಅಕ್ಷರಕ್ಕೆ ಬಿಲ್ಲೆ ಒಂದು, ಅಂಕ ಹೆಚ್ಚು. ಮೊದಲು ಮಣೆಯಿಲ್ಲದ ಆಟವಾಗಿದ್ದ ಇದಕ್ಕೆ ೧೯೩೮ರ ಹೊತ್ತಿಗೆ ಮಣೆ ಬಂದಿತು. ಆದರೂ ಆಟಿಕೆಯ ಕಂಪೆನಿಗಳು ಇದನ್ನು ಒಂದಾದ ಮೇಲೊಂದು ತಿರಸ್ಕರಿಸಿದುವು. ೧೯೪೮ರಲ್ಲಿ ಜೇಮ್ಸ್ ಬ್ರೂನೊ ಎಂಬಾತ ಆಟವನ್ನು ತಾನು ತಯಾರಿಸುವುದಾಗಿ ವಹಿಸಿಕೊಂಡು, ತಡಕಾಡು, ಕೆದಕು ಎಂಬರ್ಥದ 'ಸ್ಕ್ರಾಬಲ್' ಎಂಬ ಹೆಸರನ್ನಿಟ್ಟ. ಮರುವರ್ಷ ೨,೪೦೦ ಪೆಟ್ಟಿಗೆಗಳನ್ನು ಮಾಡಿ ೪೫೦ ಡಾಲರ್ ಕೈಬಿಟ್ಟುಕೊಂಡ. ೧೯೫೨ರ ತರುವಾಯ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದು ಇದನ್ನು ಮಾರಾಟಕ್ಕೆ ತೆಗೆದುಕೊಂಡಿತು. ಆಮೇಲೆ ಬೇಡಿಕೆಗೆ ತಕ್ಕಷ್ಟು ಮಾಡಿಕೊಡುವುದೇ ಕಷ್ಟವಾಯಿತು.

ಈಗ ಚೀಲದೊಳಗೆ ಕೈಹಾಕೋಣ. ಅದರಲ್ಲಿ ನೂರು ಬಿಲ್ಲೆಗಳಿವೆ. ಎರಡು ಖಾಲಿ, ಅವುಗಳನ್ನು ಯಾವ ಅಕ್ಷರವೆಂದು ಬೇಕಾದರೂ ಹೇಳಿ ಇಡಬಹುದು, ಆದರೆ ಅಂಕವಿಲ್ಲ. ಉಳಿದ ೯೮ರಲ್ಲಿ ಎ, ಇ, ಐ, ಓ, ಯು ಎಂಬ ಸ್ವರಗಳು ೪೨, ವ್ಯಂಜನಗಳು ೫೬. ಇ ಅಕ್ಷರ ಒಂದೇ ೧೨ ಇದೆ. ಕ್ಯೂ ಮತ್ತು ಜೆಡ್ ತಲಾ ಒಂದು, ಹತ್ತು ಹತ್ತು ಅಂಕ. ಜೆ ಮತ್ತು ಎಕ್ಸ್ ತಲಾ ಒಂದು, ಎಂಟೆಂಟು ಅಂಕ. ಎಸ್ ಅಕ್ಷರ ಇಂಗ್ಲಿಷಿನಲ್ಲಿ ಧಾರಾಳವಾಗಿ ಬರುತ್ತದೆ. ಆದರೂ ಬಟ್ಸ್ ಅದಕ್ಕೆ ನಾಲ್ಕೇ ಬಿಲ್ಲೆಗಳನ್ನು ಕೊಟ್ಟ. ಎಲ್ಲ ಪದಕ್ಕೂ ಎಸ್ ಅಂಟಿಸಿ ಬಹುವಚನ ಮಾಡುತ್ತ ಹೋದರೆ ಆಟ ತೀರ ಸಸಾರವಾಗಿಬಿಡುತ್ತದೆ ಎಂಬುದು ಅವನ ಎಣಿಕೆ. ಮಣೆ ಹದಿನೈದು ಅಡ್ಡ, ಹದಿನೈದು ಉದ್ದ. ಒಟ್ಟು ೨೨೫ ಚೌಕ. ಅವುಗಳಲ್ಲಿ ಕೆಲವು ಅಕ್ಷರದ ಬೆಲೆಯನ್ನು ಇಮ್ಮಡಿ ಮುಮ್ಮಡಿ ಮಾಡುತ್ತವೆ, ಕೆಲವು ಇಡೀ ಪದದ ಬೆಲೆಯನ್ನು. ಆಡುವವನ ಮುಂದೆ ಒಂದು ಸಲಕ್ಕೆ ಏಳು ಬಿಲ್ಲೆಗಳಿರುತ್ತವೆ. ಏಳನ್ನೂ ಒಂದೇ ಸರದಿಯಲ್ಲಿ ಇಟ್ಟವನಿಗೆ ೫೦ ಅಂಕ ಹೆಚ್ಚಿಗೆ.

ಇಷ್ಟನ್ನು ತಿಳಿದುಕೊಂಡರೆ ಮೊದಲನೆಯ ಪಾಠ ತಾನಾಗಿ ಹೊರಡುತ್ತದೆ: ಈ ಆಟವನ್ನು ಗೆಲ್ಲಿಸುವುವು ದೊಡ್ಡ ಪದಗಳಲ್ಲ, ಸಣ್ಣ ಪದಗಳು. ಕಾರಣವನ್ನು ನೋಡಿ. ಮಣೆಯ ಮೇಲಿರುವ ಪದವನ್ನು ಅಡ್ಡ ಹಾದು ಹೊಸ ಪದ ಇಟ್ಟರೆ ಒಂದು ಪದಕ್ಕೆ ಮಾತ್ರ ಅಂಕ. ಅದೇ ಪದವನ್ನು ಅದರ ಪಕ್ಕಕ್ಕೇ, ಒರಗಿ ನಿಂತ ಹಾಗೆ ಸಾಲಾಗಿ ಇಟ್ಟರೆ ನಿಮ್ಮ ಪದದ ಜೊತೆಗೆ ನಡುನಡುವೆ ಎರಡಕ್ಷರದ ಪದಗಳು ಮೂರೋ ನಾಲ್ಕೋ ಹುಟ್ಟುತ್ತವೆ. ಪ್ರತಿಯೊಂದಕ್ಕೂ ಬೇರೆ ಅಂಕ. ಆ ನಡುವಣ ಪದಗಳು ನಿಘಂಟಿನಲ್ಲಿ ಇರಬೇಕು, ಅಷ್ಟೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಸುವ ಪಟ್ಟಿಯಲ್ಲಿ ಎರಡೂಮುಕ್ಕಾಲು ಲಕ್ಷಕ್ಕೂ ಮೀರಿ ಪದಗಳಿವೆ. ಆದರೆ ೨೦೧೯ರ ಪರಿಷ್ಕರಣದಲ್ಲಿ ಎರಡಕ್ಷರದವು ೧೨೭ ಮಾತ್ರ. ಇವುಗಳಲ್ಲಿ ಅರ್ಧದಷ್ಟು ನಿಮಗೆ ಈಗಾಗಲೇ ಗೊತ್ತು. ದಿನಕ್ಕೆ ನಾಲ್ಕರಂತೆ ಕಲಿತರೆ ತಿಂಗಳೊಳಗೆ ಉಳಿದದ್ದೂ ಮುಗಿಯುತ್ತದೆ. ಲೋಕವೆಲ್ಲ ದಿನಕ್ಕೆ ನೂರು ಸಲ ಆಡುವ 'ಓಕೆ' ಎಂಬ ಮಾತು ಈ ಪಟ್ಟಿಯೊಳಕ್ಕೆ ಪ್ರವೇಶ ಪಡೆದದ್ದೇ ೨೦೧೯ರಲ್ಲಿ!

ಕಲಿಯುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎಕ್ಸ್ ಅಕ್ಷರಕ್ಕೆ ಐದು ಸ್ವರಗಳೂ ಒದಗುತ್ತವೆ. ಎ, ಇ, ಓ ಈ ಮೂರು ಎಕ್ಸಿನ ಹಿಂದೆ ನಿಲ್ಲುತ್ತವೆ: ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್. ಐ ಮತ್ತು ಯು ಎಕ್ಸಿನ ಮುಂದೆ ಬರುತ್ತವೆ: ಎಕ್ಸ್-ಐ, ಎಕ್ಸ್-ಯು. ಮೊದಲ ಸಾಲಿನಲ್ಲಿ ಕೊಡಲಿ ಇದೆ, ಎತ್ತು ಇದೆ. ಎರಡನೆಯದರಲ್ಲಿ ಒಂದು ಗ್ರೀಕ್ ಅಕ್ಷರದ ಹೆಸರು, ಮತ್ತೊಂದು ವಿಯೆಟ್ನಾಮಿನ ಚಿಲ್ಲರೆ ನಾಣ್ಯ. ಈಗ ಎಕ್ಸನ್ನು ಅಕ್ಷರಕ್ಕೆ ಮುಮ್ಮಡಿ ಕೊಡುವ ಚೌಕದಲ್ಲಿ ಇಟ್ಟಿರೆಂದುಕೊಳ್ಳಿ. ಎಂಟು ಮೂರಲೆ ಇಪ್ಪತ್ತನಾಲ್ಕು, ಜೊತೆಯ ಸ್ವರಕ್ಕೊಂದು, ಒಟ್ಟು ಇಪ್ಪತ್ತೈದು. ಅಡ್ಡಕ್ಕೂ ಉದ್ದಕ್ಕೂ ಪದ ಕೂಡಿದರೆ ಐವತ್ತು. ನನ್ನ ತಮ್ಮನ ಮಗಳು ಕ್ಯೂ ಇಟ್ಟು ಮಾಡಿದ್ದೂ ಇದೇ ಲೆಕ್ಕ: ಮೂವತ್ತು, ಒಂದು, ಮತ್ತೆ ಮೂವತ್ತು, ಒಂದು.

ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಅದರ ಬೆನ್ನಿಗೆ ಯು ಬರಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಯು ಇರುವುದು ನಾಲ್ಕೇ. ಅವು ಮುಗಿದುಹೋದ ಮೇಲೆ ಕ್ಯೂ ಕೈಗೆ ಬಂದರೆ ಅದು ಕೊರಳಿಗೆ ಕಟ್ಟಿದ ಗುಂಡುಕಲ್ಲು. ಆಟ ಮುಗಿದಾಗ ಕೈಯಲ್ಲಿ ಉಳಿದರೆ ನಿಮ್ಮ ಹತ್ತು ಅಂಕ ಕಳೆಯುತ್ತದೆ, ಮೊದಲು ಮುಗಿಸಿದವನಿಗೆ ಹತ್ತು ಕೂಡುತ್ತದೆ. ಆದರೆ ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ಯು ಬೇಡದ ಕ್ಯೂ ಪದಗಳಲ್ಲಿ ಹಲವು ಅರಬ್ಬಿಯಿಂದ ಹೋದವು. ಅವು ನಮ್ಮ ಊರುಗಳಲ್ಲೂ ಬಹುಕಾಲದಿಂದ ಓಡಾಡಿಕೊಂಡಿರುವಂಥವು. ನಮ್ಮ ಫಕೀರನನ್ನು ಎಫ್-ಎ-ಕ್ಯೂ-ಐ-ಆರ್ ಎಂದು ಬರೆಯಬಹುದು. ಖಾಜಿ ಕ್ಯೂ-ಎ-ಡಿ-ಐ ಆಗುತ್ತಾನೆ. ತಲಾಖ್ ಇದೆ, ನಿಖಾಬ್ ಇದೆ, ಖವ್ವಾಲಿಯೂ ಇದೆ. ಇಷ್ಟೇ ಅಲ್ಲ, ಆ ಪಟ್ಟಿಯಲ್ಲಿ ನಮ್ಮ ರಾಗಿ, ಇಡ್ಲಿ, ದೋಸೆಗಳೂ ಸ್ಥಾನ ಪಡೆದಿವೆ. ದೋಸೆ ಮಾತ್ರ ಡಿ-ಓ-ಎಸ್-ಎ ಆಗಿ ಕೂತಿದೆ. ಅಡುಗೆಮನೆಯ ಮಾತು ಆಟದ ಮಣೆಯ ಮೇಲೆ ಬೆಲೆ ಬಾಳುವುದನ್ನು ನೋಡಿದರೆ ಯಾರಿಗೆ ತಾನೆ ಸಂತೋಷವಾಗದು?

ಎರಡನೆಯ ಪಾಠಕ್ಕೆ ಆಟಗಾರರು ಕೊಕ್ಕೆ ಎಂದು ಹೆಸರಿಟ್ಟಿದ್ದಾರೆ. ಇರುವ ಪದದ ಹಿಂದೆಯೋ ಮುಂದೆಯೋ ಒಂದಕ್ಷರ ಸಿಕ್ಕಿಸಿ ಬೇರೆ ಪದ ಮಾಡುವುದು. ನಮಗೆ ಇದು ಹೊಸತಲ್ಲ. 'ಹಾರ' ಎಂಬುದಕ್ಕೆ ಉಪಸರ್ಗ ಹತ್ತಿಸಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ವ್ಯಾಕರಣದ ಮೇಷ್ಟರು ಹೇಳಿಕೊಡಲಿಲ್ಲವೆ? ಇಂಗ್ಲಿಷಿನಲ್ಲಿ ಕಿವಿಗೆ ಇ-ಎ-ಆರ್. ಅದರ ಹಿಂದೆ ಬಿ ಇಟ್ಟರೆ ಕರಡಿ, ಎಫ್ ಇಟ್ಟರೆ ಭಯ, ಪಿ ಇಟ್ಟರೆ ಒಂದು ಹಣ್ಣು, ಟಿ ಇಟ್ಟರೆ ಕಣ್ಣೀರು, ವೈ ಇಟ್ಟರೆ ವರ್ಷ. ಮುಂದೆ ಎನ್ ಇಟ್ಟರೆ ಸಂಪಾದನೆ. ಹೀಗೆ ಒಂದು ಬೇರಿನ ಸುತ್ತ ಹತ್ತು ಪದಗಳನ್ನು ಒಟ್ಟಿಗೆ ಕಲಿಯುವುದು, ಹತ್ತು ಪದಗಳನ್ನು ಬಿಡಿಬಿಡಿಯಾಗಿ ಉರುಹೊಡೆಯುವುದಕ್ಕಿಂತ ಸುಲಭ. ನೆನಪಿನಲ್ಲಿ ನಿಲ್ಲುವುದೂ ಹೆಚ್ಚು.

ಮೂರನೆಯ ಪಾಠ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಣೆಯ ಮೇಲೆ ಏನಿಟ್ಟಿರಿ ಎನ್ನುವಷ್ಟೇ, ಕೈಯಲ್ಲಿ ಏನು ಉಳಿಸಿಕೊಂಡಿರಿ ಎಂಬುದನ್ನೂ ಗಮನಿಸಬೇಕು. ಹೊಸಬರು ಈ ಸರದಿಯ ಅಂಕವನ್ನಷ್ಟೇ ನೋಡುತ್ತಾರೆ. ನುರಿತವರು ಮುಂದಿನ ಸರದಿಯನ್ನೂ ನೋಡುತ್ತಾರೆ. ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವತ್ತಿನ ಅಡುಗೆಗೆ ತೆಗೆಯುವಾಗಲೇ ನಾಳೆಗೆ ಡಬ್ಬಿಯಲ್ಲಿ ಏನು ಉಳಿಯುತ್ತದೆಂಬ ಲೆಕ್ಕ ಅವರಿಗೆ ಇದ್ದೇ ಇರುತ್ತದೆ.

ಒಂದು ದೃಷ್ಟಾಂತ. ಮೊದಲ ಸರದಿ ನಿಮ್ಮದು. ಕೈಯಲ್ಲಿ ಎ, ಇ, ಆರ್, ಎಸ್, ಟಿ, ವಿ, ಡಬ್ಲ್ಯೂ ಬಂದಿವೆ. ಹಿಂದುಮುಂದು ನೋಡು ಎಂಬರ್ಥದ 'ವೇವರ್' ಎಂಬ ಐದಕ್ಷರದ ಪದ ಹೊಳೆಯಿತು. ಕೊನೆಯ ಅಕ್ಷರ ನಡುವಣ ನಕ್ಷತ್ರದ ಚೌಕದ ಮೇಲೆ ಬೀಳುವಂತೆ ಇಟ್ಟರೆ, ಮೊದಲನೆಯ ಡಬ್ಲ್ಯೂ ಅಕ್ಷರಕ್ಕೆ ಇಮ್ಮಡಿ ಕೊಡುವ ಚೌಕದಲ್ಲಿ ಕೂಡುತ್ತದೆ. ಎಂಟು, ಒಂದು, ನಾಲ್ಕು, ಒಂದು, ಒಂದು, ಒಟ್ಟು ಹದಿನೈದು. ನಕ್ಷತ್ರದ ಚೌಕ ಪದವನ್ನು ಇಮ್ಮಡಿ ಮಾಡುವುದರಿಂದ ಮೂವತ್ತು. 'ಎಸ್ಸೂ ಇದೆಯಲ್ಲ' ಎಂದು ಅದನ್ನೂ ಸೇರಿಸಿ 'ವೇವರ್ಸ್' ಎಂದು ಇಟ್ಟಿರೋ, ಬರುವುದು ಮೂವತ್ತೆರಡು. ಎರಡಂಕದ ಆಸೆಗೆ ಒಂದು ಎಸ್ ಕಳೆದುಹೋಯಿತು. ಇನ್ನು, 'ವೇವ್ಸ್' ಎಂದು, ಅಂದರೆ ಅಲೆಗಳು ಎಂದು ಇಡುವವರೂ ಇದ್ದಾರೆ, ಅದಕ್ಕೂ ಮೂವತ್ತೇ! ಆರ್ ಕೊಡಬಹುದಾಗಿದ್ದಲ್ಲಿ ಎಸ್ ಕೊಟ್ಟರು, ಬದಲಿಗೆ ಒಂದಂಕವೂ ಹೆಚ್ಚು ಬರಲಿಲ್ಲ. ಎಸ್ ಮುಂದೆ ಯಾರೋ ಇಟ್ಟ ದೊಡ್ಡ ಪದಕ್ಕೆ ಬಾಲವಾಗಿ, ಅದೇ ಹೊತ್ತಿಗೆ ನಿಮ್ಮ ಹೊಸ ಪದಕ್ಕೆ ತಲೆಯಾಗಿ, ಎರಡು ಪದಗಳ ಅಂಕವನ್ನು ತರಬಲ್ಲದು. ಅದರಿಂದ ಎಂಟು ಹತ್ತು ಅಂಕವಾದರೂ ಹೆಚ್ಚಿಗೆ ಬರದಿದ್ದರೆ ಅದನ್ನು ಬಿಡಬಾರದೆಂಬುದು ನುರಿತವರ ಕಟ್ಟಳೆ. ಖಾಲಿ ಬಿಲ್ಲೆಗಂತೂ ಇಪ್ಪತ್ತೈದು ಮೂವತ್ತು ಅಂಕ ಹೆಚ್ಚಿಗೆ ಬರಬೇಕು.

ಇದರ ಜೊತೆಗೆ ಸ್ವರವ್ಯಂಜನಗಳ ಹದವನ್ನೂ ನೋಡಿಕೊಳ್ಳಬೇಕು. ಚೀಲದಲ್ಲಿ ೯೮ಕ್ಕೆ ೪೨ ಸ್ವರ ಎಂದೆನಲ್ಲ. ಏಳಕ್ಕೆ ಸರಿಯಾಗಿ ಮೂರು ಬರುತ್ತದೆ. ಆದುದರಿಂದ ಮೂರು ಸ್ವರ, ನಾಲ್ಕು ವ್ಯಂಜನ ಇದ್ದರೆ ಕೈ ಹದವಾಗಿದೆ ಎಂದು ತಿಳಿಯಿರಿ. ಐದು ಸ್ವರ ಕೂಡಿಕೊಂಡರೆ ಎ-ಎ, ಎ-ಐ ಎಂಬ ಪುಟ್ಟ ಪದಗಳು ಆಪದ್ಬಾಂಧವರಂತೆ ಒದಗುತ್ತವೆ. ಮೊದಲನೆಯದು ಹವಾಯಿ ದ್ವೀಪದ ಒರಟು ಲಾವಾ. ಎರಡನೆಯದು ದಕ್ಷಿಣ ಅಮೆರಿಕದ ಮೂರು ಬೆರಳಿನ ಒಂದು ಸೋಮಾರಿ ಪ್ರಾಣಿ. ಸ್ವರವೇ ಇಲ್ಲದಿದ್ದರೆ ಎಚ್-ಎಂ ಎಂಬ ಹೂಂಕಾರ, ಎಸ್-ಎಚ್ ಎಂಬ 'ಸದ್ದು ಮಾಡಬೇಡಿ' ಇವೆ. ಯಾವುದೂ ಕೂಡಿಬರದಿದ್ದರೆ ಒಂದು ಸರದಿ ಬಿಟ್ಟುಕೊಟ್ಟು ಬಿಲ್ಲೆಗಳನ್ನು ಬದಲಾಯಿಸಿಕೊಳ್ಳಬಹುದು. ಚೀಲದಲ್ಲಿ ಏಳಾದರೂ ಉಳಿದಿರಬೇಕು, ಅಷ್ಟೆ. ಇದನ್ನು ಅವಮಾನವೆಂದು ತಿಳಿದು, ಸರದಿಗೆ ಆರು ಏಳು ಅಂಕದಂತೆ ತೆವಳುವವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಏಳು ಬಿಲ್ಲೆಗಳನ್ನೂ ಒಮ್ಮೆಗೇ ಇಡುವುದು ದೈವಕೃಪೆಯೆಂದು ಮೇಲುನೋಟಕ್ಕೆ ತೋರುತ್ತದೆ. ಅದರಲ್ಲಿ ಅಭ್ಯಾಸದ ಪಾಲೂ ದೊಡ್ಡದು. ಕೈಗೆ ಬಂದ ಅಕ್ಷರಗಳನ್ನು ಬಂದ ಹಾಗೆಯೇ ದಿಟ್ಟಿಸುತ್ತ ಕೂಡಬೇಡಿ. ಆಗಾಗ ಸ್ಥಾನ ಬದಲಾಯಿಸಿ. ಐ-ಎನ್-ಜಿ, ಇ-ಡಿ, ಇ-ಆರ್ ಎಂಬ ಬಾಲಗಳಿದ್ದರೆ ಬಲಕ್ಕೆ ಸರಿಸಿ. ಆರ್-ಇ, ಯು-ಎನ್ ಎಂಬ ತಲೆಗಳಿದ್ದರೆ ಎಡಕ್ಕೆ. ಪಂದ್ಯಗಳಲ್ಲಿ ಆಡುವವರು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟು, ಆ ಗುಂಪಿನಿಂದ ಯಾವ ಯಾವ ಪದ ಹೊರಡುತ್ತದೆಂದು ಕಲಿಯುತ್ತಾರೆ. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಗುಂಪನ್ನು ತೆಗೆದುಕೊಳ್ಳಿ. ಕಣ್ಣಿನ ಅಕ್ಷಿಪಟಲಕ್ಕೆ ಹೇಳುವ 'ರೆಟಿನ'ದ ಬಹುವಚನ ಇದರಲ್ಲಿದೆ. ಉಳಿಸಿಕೊಳ್ಳುತ್ತಾನೆ ಎಂಬ 'ರಿಟೇನ್ಸ್' ಇದೆ. ಇನ್ನೂ ಕೊಳಕು ಎಂಬ 'ನ್ಯಾಸ್ಟಿಯರ್' ಇದೆ. ಬಣ್ಣ ಹಾಕುವವನು ಇದ್ದಾನೆ, ಗ್ರೀಸಿನ ಒಂದು ಮದ್ಯವೂ ಇದೆ. ಏಳೇ ಅಕ್ಷರಗಳಲ್ಲಿ ಇಷ್ಟು! ಇವೆಲ್ಲ ಒಂದೊಂದೇ ಅಂಕದ ಅಕ್ಷರಗಳೆಂಬುದನ್ನೂ ಗಮನಿಸಿ. ಬಡ ಅಕ್ಷರಗಳೆಂದು ನಾವು ಮೂಗುಮುರಿಯುವ ಇವೇ ಒಟ್ಟುಗೂಡಿದಾಗ ಐವತ್ತರ ಬಹುಮಾನವನ್ನು ತರುತ್ತವೆ.

ರಕ್ಷಣೆಯ ಮಾತನ್ನೂ ಎರಡೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ. ಅಂಚಿನಲ್ಲಿರುವ, ಪದವನ್ನು ಮುಮ್ಮಡಿ ಮಾಡುವ ಎಂಟು ಚೌಕಗಳ ಪಕ್ಕದಲ್ಲಿ ಸ್ವರವನ್ನು ಇಟ್ಟು ಎದುರಾಳಿಗೆ ಬಾಗಿಲು ತೆರೆದುಕೊಡಬೇಡಿ. ಮುಖ್ಯ ಬಿಲ್ಲೆಗಳು ಹೊರಬಿದ್ದ ಹಾಗೆಲ್ಲ ಒಂದು ಚೀಟಿಯಲ್ಲಿ ಗುರುತು ಹಾಕುತ್ತ ಹೋಗಿ. ಚೀಲ ಬರಿದಾದಾಗ ಎದುರಾಳಿಯ ಕೈಯಲ್ಲಿ ಏನಿದೆಯೆಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.

ಇನ್ನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಪದವನ್ನು ಬಲ್ಲೆ ಎಂದರೇನು? ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬುವರು ಇಂಗ್ಲಿಷ್ ಸ್ಕ್ರಾಬಲ್‌ನಲ್ಲಿ ಹಲವು ಸಲ ವಿಶ್ವವಿಜೇತರು. ೨೦೧೫ರಲ್ಲಿ ಅವರು ಫ್ರೆಂಚ್ ಭಾಷೆಯ ವಿಶ್ವಸ್ಪರ್ಧೆಗೆ ಹೋಗಿ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರಗಳಲ್ಲಿ ಪದಗಳ ಪಟ್ಟಿಯನ್ನು ಮನಸ್ಸಿಗೆ ತಂದುಕೊಂಡಿದ್ದರು, ಅಷ್ಟೆ. ೨೦೨೪ರಲ್ಲಿ ಸ್ಪೇನಿನ ಗ್ರಾನಾಡದಲ್ಲಿ ಸ್ಪ್ಯಾನಿಷ್ ಭಾಷೆಯ ವಿಶ್ವಸ್ಪರ್ಧೆಯನ್ನೂ ಹಾಗೆಯೇ ಗೆದ್ದರು. ಅರ್ಥವೇ ತಿಳಿಯದೆ ಗೆಲ್ಲಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದನ್ನು ಕೇಳಿದವರು, 'ಹಾಗಾದರೆ ಈ ಆಟದಿಂದ ಭಾಷಾಜ್ಞಾನ ಬೆಳೆಯುತ್ತದೆ ಎನ್ನುವುದು ಬರೀ ಮಾತು' ಎನ್ನಬಹುದು. ನನ್ನ ಅಂದಿನ ಸೋಲಿನ ಕಹಿಯಲ್ಲಿ ನಾನೂ ಹಾಗೆಯೇ ಎಂದೆ.

ಆದರೆ ಸಮಾಧಾನದಿಂದ ಯೋಚಿಸಿದಾಗ ನಮ್ಮ ಹಳೆಯ ಕ್ರಮವೊಂದು ನೆನಪಾಯಿತು. ಹಿಂದೆ ಸಂಸ್ಕೃತ ಕಲಿಯುವ ಮಕ್ಕಳು ಅಮರಸಿಂಹನ ಕೋಶವನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡುತ್ತಿದ್ದರು. ಮೊದಲು ಪದ ನಾಲಗೆಯ ಮೇಲೆ ಕೂಡುತ್ತಿತ್ತು. ಆಮೇಲೆ ಕಾವ್ಯ ಓದುವಾಗ ಅದು ಎದುರಾಗಿ, 'ಓಹೋ, ನೀನೇ ಏನು?' ಎಂದು ಗುರುತು ಹಿಡಿದಂತಾಗುತ್ತಿತ್ತು. ಹಾಗೆಂದು ಅಮರಕೋಶ ಬರೀ ಪಟ್ಟಿಯೂ ಅಲ್ಲ. ಮೂರು ಕಾಂಡಗಳಲ್ಲಿ ದೇವತೆಗಳ ಹೆಸರು ಒಂದೆಡೆ, ಮರಗಿಡಗಳ ಹೆಸರು ಒಂದೆಡೆ, ಹೀಗೆ ವರ್ಗವರ್ಗವಾಗಿ, ಸಮಾನಾರ್ಥದವು ಒಟ್ಟಿಗೆ ಬರುವಂತೆ ಶ್ಲೋಕದಲ್ಲಿ ಕಟ್ಟಿದ್ದಾನೆ. ಬಾಯಿಪಾಠ ಬಾಗಿಲಾದರೆ ಅರ್ಥ ಮನೆ. ಬಾಗಿಲಲ್ಲೇ ನಿಂತುಬಿಡುವುದೋ ಒಳಗೆ ಹೋಗುವುದೋ ನಮಗೆ ಬಿಟ್ಟದ್ದು. ಆಟ ನಮ್ಮನ್ನು ಬಾಗಿಲವರೆಗೆ ಕರೆತರುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸುವುದು ನ್ಯಾಯವಲ್ಲ.

ಒಳಗೆ ಹೋಗುವುದಕ್ಕೆ ನಮ್ಮ ಮನೆಯಲ್ಲಿ ನಾವು ಮಾಡಿಕೊಂಡಿರುವ ಏರ್ಪಾಟನ್ನು ಹೇಳುತ್ತೇನೆ. ಮಣೆಯ ಪಕ್ಕದಲ್ಲಿ ಎರಡು ವಸ್ತುಗಳಿರುತ್ತವೆ: ಒಂದು ನಿಘಂಟು, ಒಂದು ನೋಟ್‌ಪುಸ್ತಕ. ಯಾವ ನಿಘಂಟು ಪ್ರಮಾಣವೆಂಬುದನ್ನು ಆಟಕ್ಕೆ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಇದರಿಂದ ಅರ್ಧ ಜಗಳ ನಿಲ್ಲುತ್ತದೆ. ಆಟ ಮುಗಿದ ಮೇಲೆ ಆ ದಿನ ಮಣೆಯ ಮೇಲೆ ಬಂದ, ಇಬ್ಬರಲ್ಲಿ ಒಬ್ಬರಿಗಾದರೂ ಅರ್ಥ ಗೊತ್ತಿಲ್ಲದ ಮೂರು ಪದಗಳನ್ನು ಆರಿಸುತ್ತೇವೆ. ಮೂರೇ, ಹೆಚ್ಚು ಬೇಡ. ಎಡಗಡೆ ಪದ, ಬಲಗಡೆ ಅರ್ಥ, ಅದು ಯಾವ ದೇಶದಿಂದ ಬಂತು, ಕನ್ನಡದಲ್ಲಿ ಅದಕ್ಕೇನೆನ್ನುತ್ತೇವೆ ಎಂಬಿಷ್ಟು. ಬರೆದದ್ದನ್ನು ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಪರಸ್ಪರ ಕೇಳಿಕೊಳ್ಳುತ್ತೇವೆ. ಕಲಿತದ್ದು ಮೊದಲ ದಿನಗಳಲ್ಲೇ ಬೇಗಬೇಗ ಮರೆಯುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ ೧೮೮೫ರಲ್ಲೇ ಪ್ರಕಟಿಸಿದ್ದಾನೆ. ಒಂದೇ ಕೂತದಲ್ಲಿ ನೂರು ಸಲ ಉರುಹೊಡೆಯುವುದಕ್ಕಿಂತ ಬಿಟ್ಟುಬಿಟ್ಟು ನಾಲ್ಕು ಸಲ ನೆನೆಯುವುದು ಮೇಲು.

ಈ ಏರ್ಪಾಟು ಶುರುವಾದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಎ-ಐ ಎಂಬ ಪದವನ್ನು ಹುಡುಗಿ ಎಷ್ಟೋ ಸಲ ಇಟ್ಟು ಅಂಕ ಗಳಿಸಿದ್ದಳು. ಅದೊಂದು ಪ್ರಾಣಿಯೆಂದು ಅವಳಿಗೆ ತಿಳಿದಿರಲಿಲ್ಲ. ಮರದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದ ಅದರ ಚಿತ್ರವನ್ನು ನಾವಿಬ್ಬರೂ ಕೂತು ನೋಡಿದೆವು. ಮೂರಕ್ಷರದ ಪದಗಳಲ್ಲಿ ನನಗೆ ಅರ್ಥ ಗೊತ್ತಿದ್ದವು ಬಹಳ ಇದ್ದುವು. ಅವು ಬೇಕಾದ ಹೊತ್ತಿಗೆ ಕೈಗೆ ಬರುತ್ತಿರಲಿಲ್ಲ. ಅವಳಿಗೆ ಆಕಾರ ಗೊತ್ತು, ನನಗೆ ಅರ್ಥ ಗೊತ್ತು. ಇಬ್ಬರದೂ ಅರ್ಧರ್ಧ ವಿದ್ಯೆ. ಅಂದಿನಿಂದ ನನಗೆ ಅವಳ ಮೇಲಿದ್ದ ಸಣ್ಣ ಅಸೂಯೆ ಹೋಯಿತೆಂದು ಹೇಳಬಹುದು.

ಕೊನೆಯದಾಗಿ ಒಂದು ಮಾತು. ಈ ಆಟವನ್ನು ಕನ್ನಡದಲ್ಲಿ ಆಡಲಾಗದೆ ಎಂದು ನೀವು ಕೇಳಬಹುದು. ತೊಡಕಿದೆ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ ಸಾಕು. ನಮ್ಮ ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಐನೂರರ ಹತ್ತಿರ ಬರುತ್ತದೆ. ಒತ್ತಕ್ಷರ ಸೇರಿದರೆ ಸಾವಿರಗಳಲ್ಲಿ ಎಣಿಸಬೇಕು. ನೂರು ಬಿಲ್ಲೆಗಳಲ್ಲಿ ಇದನ್ನು ತುಂಬಲಾಗದು. ಆದರೆ ಮನೆಮಟ್ಟಿಗೆ ಒಂದು ಉಪಾಯವಿದೆ. ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದವನ್ನು ಬಿಲ್ಲೆಗಳಾಗಿ ಕತ್ತರಿಸಿ, ಮೂಲಾಕ್ಷರವನ್ನು ಮಾತ್ರ ಬರೆಯಿರಿ. ಗುಣಿತವೂ ಒತ್ತೂ ಆಡುವವನ ಇಷ್ಟ. ಆಗ ಮ, ರ ಎಂಬ ಎರಡೇ ಬಿಲ್ಲೆಗಳು ಮರವಾಗಬಹುದು, ಮರಿಯಾಗಬಹುದು. ಮಾರು, ಮುರಿ, ಮೂರು, ಮೊರೆ, ಮೋರಿ ಏನು ಬೇಕಾದರೂ ಆಗಬಹುದು. ಮರದಲ್ಲಿ, ಮರಕ್ಕೆ ಎಂದು ವಿಭಕ್ತಿ ಹಚ್ಚುತ್ತ ಹೋದರೆ ಆಟ ಸಸಾರವಾಗುತ್ತದೆ. ಬಟ್ಸ್ ಎಸ್ ಅಕ್ಷರಕ್ಕೆ ಕಡಿವಾಣ ಹಾಕಿದ ಹಾಗೆ ನಾವೂ 'ನಿಘಂಟಿನಲ್ಲಿರುವ ರೂಪ ಮಾತ್ರ' ಎಂದು ನಿಯಮ ಮಾಡಿಕೊಳ್ಳಬೇಕು. ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆ? ಅವನು ಮಾಡಿದ್ದನ್ನೇ ಮಾಡಿ. ಇವತ್ತಿನ ಕನ್ನಡ ಪತ್ರಿಕೆಯ ಮುಖಪುಟವನ್ನು ಮಕ್ಕಳ ಮುಂದೆ ಹರಡಿ, ಒಂದು ಸಾವಿರ ಅಕ್ಷರಗಳನ್ನು ಎಣಿಸಲು ಹೇಳಿ. ನ, ರ, ದ, ತ, ಲ, ವ ಸಾಲುಗಟ್ಟಿ ಬರುವುದನ್ನೂ, ಠ, ಝ, ಘ ಎಲ್ಲೋ ಒಮ್ಮೆ ಇಣುಕುವುದನ್ನೂ, ಙ, ಞ ಮುಖವನ್ನೇ ತೋರಿಸದಿರುವುದನ್ನೂ ಅವರೇ ಕಂಡುಕೊಳ್ಳುತ್ತಾರೆ. ತಮ್ಮ ನುಡಿಯನ್ನು ಅವರು ಅಷ್ಟು ಹತ್ತಿರದಿಂದ ನೋಡುವುದು ಬಹುಶಃ ಅದೇ ಮೊದಲಾಗಬಹುದು.

ನಮ್ಮ ಮನೆಯಲ್ಲಿ ಈಗ ಒಂದು ಭಾನುವಾರ ಇಂಗ್ಲಿಷ್ ಆಟ, ಮರುಭಾನುವಾರ ಕನ್ನಡದ ಆಟ. ಇಂಗ್ಲಿಷಿನಲ್ಲಿ ಈಗಲೂ ಹೆಚ್ಚಾಗಿ ಅವಳೇ ಗೆಲ್ಲುತ್ತಾಳೆ. ಕನ್ನಡದಲ್ಲಿ ನನ್ನ ಮಾತು ಇನ್ನೂ ಸ್ವಲ್ಪ ನಡೆಯುತ್ತದೆ. ನೋಟ್‌ಪುಸ್ತಕದ ಮೊದಲನೆಯದು ತುಂಬಿ ಎರಡನೆಯದನ್ನು ತಂದಿದ್ದೇವೆ. ಬರುವ ಭಾನುವಾರ ನಿಮ್ಮ ಮನೆಯಲ್ಲೂ ಒಂದು ಮಣೆಯನ್ನು ಬಿಡಿಸಿ. ಹಿರಿಯರು ಕಿರಿಯರು ಎದುರುಬದುರು ಕೂತು ಆಡಿ. ಆಡಿದ ಮೇಲೆ ಮೂರೇ ಮೂರು ಪದಗಳ ಅರ್ಥವನ್ನು ಒಟ್ಟಿಗೆ ನೋಡಿ.